ವ್ಯಾಪಾರ ಚಕ್ರ: ಕೆಲಸ ತಡವಾಗಿ ಬರುವುದೇಕೆ?



ದೇಶದ ಉತ್ಪಾದನೆ, ಆದಾಯ, ಉದ್ಯೋಗಗಳು ಕೆಲವು ವರ್ಷ ಏರುತ್ತವೆ, ಆಮೇಲೆ ಇಳಿಯುತ್ತವೆ, ಮತ್ತೆ ಏರುತ್ತವೆ. ಇದೇ ವ್ಯಾಪಾರ ಚಕ್ರ. ಸಮೃದ್ಧಿ, ಹಿಂಜರಿತ, ಮುಗ್ಗಟ್ಟು, ಚೇತರಿಕೆ ಇವು ಅದರ ನಾಲ್ಕು ಹಂತಗಳು.

ಕಾರಣವೇನು? ಫ್ರಾನ್ಸಿನ ವೈದ್ಯ ಕ್ಲೆಮಾಂ ಜುಗ್ಲಾರ್ 1862ರಲ್ಲಿ, ಸಮೃದ್ಧಿಯ ಕಾಲದ ಮಿತಿಮೀರಿದ ಸಾಲವೇ ಮುಂದಿನ ಮುಗ್ಗಟ್ಟಿಗೆ ಮೂಲ ಎಂದರು. 1936ರಲ್ಲಿ ಕೇನ್ಸ್ ಅವರು ಬೇಡಿಕೆಯ ಕೊರತೆಯನ್ನು ಕಾರಣವಾಗಿ ತೋರಿಸಿದರು. ಒಬ್ಬರ ಖರ್ಚು ಇನ್ನೊಬ್ಬರ ಸಂಪಾದನೆ. ಎಲ್ಲರೂ ಕೈ ಬಿಗಿಹಿಡಿದರೆ ಎಲ್ಲರ ಸಂಪಾದನೆಯೂ ಕುಗ್ಗುತ್ತದೆ.

ಚಕ್ರದ ತಿರುವನ್ನು ತಿಳಿಸುವ ಸೂಚಕಗಳು ಮೂರು ಬಗೆ:
1. ಮೊದಲೇ ತಿರುಗುವವು: ಷೇರು ಬೆಲೆ, ಮನೆ ಕಟ್ಟುವ ಪರವಾನಗಿ.
2. ಜೊತೆಗೆ ತಿರುಗುವವು: ಕಾರ್ಖಾನೆಗಳ ಉತ್ಪಾದನೆ.
3. ತಡವಾಗಿ ತಿರುಗುವವು: ನಿರುದ್ಯೋಗದ ಪ್ರಮಾಣ.

ನಾವಿರುವ ಅಮೆರಿಕವನ್ನೇ ನೋಡಿ. 2007ರ ಡಿಸೆಂಬರಿನಲ್ಲಿ ಆರಂಭವಾದ ಹಿಂಜರಿತ 2009ರ ಜೂನಿನಲ್ಲಿ ಮುಗಿಯಿತು. ಆದರೆ ನಿರುದ್ಯೋಗ ಶೇ. 10 ಮುಟ್ಟಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ! ವ್ಯಾಪಾರ ಕುದುರಿತೆಂದು ಖಾತ್ರಿಯಾಗದೆ ಕಂಪನಿಗಳು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ.

ಪಾಲಕರೇ, ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಆದ್ದರಿಂದ ಚೇತರಿಕೆಯ ಸುದ್ದಿ ಕೇಳಿದೊಡನೆ ಉಳಿತಾಯಕ್ಕೆ ಕೈಹಾಕಬೇಡಿ. ಮಕ್ಕಳೇ, ಹಿಂಜರಿತದಲ್ಲಿ ಅಪ್ಪನದೋ ಅಮ್ಮನದೋ ಕೆಲಸ ಹೋದರೆ ಅದು ಅವರ ಸೋಲಲ್ಲ, ಚಕ್ರದ ಇಳಿತ.