ಒಳಗಿನಿಂದ ಹೊರಡುವ ಕಿರಣ: ಬೋನ್ ಸ್ಕ್ಯಾನ್ ಎಂದರೇನು?

ಸ್ತನ ಅಥವಾ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವವರಲ್ಲಿ ರೋಗವು ಮೂಳೆಗೆ ಹರಡಿದೆಯೇ ಎಂದು ತಿಳಿಯಲು ವೈದ್ಯರು 'ಬೋನ್ ಸ್ಕ್ಯಾನ್' ಸೂಚಿಸುವುದುಂಟು. ವಿಕಿರಣಶೀಲ ವಸ್ತುವನ್ನು ರಕ್ತನಾಳಕ್ಕೆ ಚುಚ್ಚುವರೆಂದು ಕೇಳಿದೊಡನೆ ಮನೆಮಂದಿ ಬೆಚ್ಚುತ್ತಾರೆ. ಪರೀಕ್ಷೆಯನ್ನೇ ಮುಂದೂಡುವವರೂ ಇದ್ದಾರೆ. ಈ ಅಂಜಿಕೆ ಎಷ್ಟರಮಟ್ಟಿಗೆ ಸರಿ?

ಎಕ್ಸ್‌ರೇಯಲ್ಲಿ ಕಿರಣವು ಹೊರಗಿನ ಯಂತ್ರದಿಂದ ಹೊರಟು ದೇಹವನ್ನು ಹಾಯ್ದುಹೋಗುತ್ತದೆ. ಇಲ್ಲಿಯ ಗಾಮಾ ಕ್ಯಾಮೆರಾ ಕಿರಣವನ್ನು ಬಿಡುವುದಿಲ್ಲ, ಬಂದುದನ್ನು ಹಿಡಿಯುತ್ತದೆ ಅಷ್ಟೆ. ಟೆಕ್ನೀಷಿಯಮ್-99ಎಂ ಎಂಬ ಐಸೋಟೋಪನ್ನು ಮೂಳೆಗೆ ಅಂಟುವ ಫಾಸ್ಫೇಟ್ ಜಾತಿಯ ಸಂಯುಕ್ತದೊಡನೆ ಕೂಡಿಸಿ ಚುಚ್ಚುತ್ತಾರೆ. ಮೂಳೆಯು ಎಲ್ಲಿ ಚುರುಕಾಗಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿ ಅದು ಹೆಚ್ಚು ಸೇರುತ್ತದೆ. ಎಕ್ಸ್‌ರೇ ಮೂಳೆಯ ಆಕಾರವನ್ನು ತೋರಿದರೆ, ಇದು ಮೂಳೆಯೊಳಗಿನ ಕೆಲಸವನ್ನು ತೋರುತ್ತದೆ. ಆದುದರಿಂದಲೇ ಎಕ್ಸ್‌ರೇಗೆ ಕಾಣುವ ಮೊದಲೇ ಇಲ್ಲಿ ರೋಗದ ಸುಳಿವು ಸಿಗುವುದುಂಟು. ಆದರೆ ಚಿತ್ರದಲ್ಲಿ ಕಪ್ಪಾಗಿ ಕಂಡುದೆಲ್ಲ ಕ್ಯಾನ್ಸರ್ ಅಲ್ಲ. ಕೂಡಿಕೊಳ್ಳುತ್ತಿರುವ ಮುರಿತವೂ ಸವೆದ ಕೀಲೂ ಹಾಗೆಯೇ ಕಾಣುತ್ತವೆ.

1937ರಲ್ಲಿ ಇಟಲಿಯ ಪಲೆರ್ಮೋ ನಗರದಲ್ಲಿ ಪೆರಿಯೆ ಮತ್ತು ಸೆಗ್ರೆ ಎಂಬ ವಿಜ್ಞಾನಿಗಳು ಗುರುತಿಸಿದ ಧಾತು ಟೆಕ್ನೀಷಿಯಮ್. ವೈದ್ಯಕೀಯದಲ್ಲಿ ಬಳಸುವ ಅದರ ಈ ರೂಪಕ್ಕೆ ಆಯುಸ್ಸು ಕಡಿಮೆ: 6 ಗಂಟೆಗೆ ಅರ್ಧ, 12 ಗಂಟೆಗೆ ಕಾಲು, ಒಂದು ದಿನ ಕಳೆಯುವಷ್ಟರಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಇಷ್ಟು ಬೇಗ ಕರಗುವುದನ್ನು ಆಸ್ಪತ್ರೆಗಳು ಕೂಡಿಡುವುದೆಂತು? 66 ಗಂಟೆಗಳ ಅರ್ಧಾಯುವಿನ ಮಾಲಿಬ್ಡಿನಮ್-99 ತುಂಬಿದ, ಸೀಸದ ಕವಚವುಳ್ಳ ಪಾತ್ರೆಯನ್ನು ತರಿಸಿಕೊಂಡು, ಅದರಲ್ಲಿ ಉಪ್ಪುನೀರು ಹಾಯಿಸಿ ಅಂದಂದಿನ ಟೆಕ್ನೀಷಿಯಮನ್ನು ಇಳಿಸಿಕೊಳ್ಳುತ್ತಾರೆ. ಈ ಪಾತ್ರೆಗೆ ತಜ್ಞರು ಇಟ್ಟಿರುವ ಅಡ್ಡಹೆಸರು 'ಹಸು'. ಇಳಿಸಿಕೊಳ್ಳುವುದು 'ಹಾಲು ಕರೆಯುವುದು'. ಒಂದೆರಡು ವಾರಗಳಲ್ಲಿ ಹಸು ಬತ್ತುತ್ತದೆ, ಹೊಸದು ಬರಬೇಕು.

ಒಂದು ಬೋನ್ ಸ್ಕ್ಯಾನಿನಿಂದ ತಗಲುವ ವಿಕಿರಣವು, ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ಎರಡು ವರ್ಷಗಳಲ್ಲಿ ನಮಗೆ ಸಹಜವಾಗಿ ತಗಲುವಷ್ಟು, ಸ್ಥೂಲವಾಗಿ 4 ಮಿಲಿಸೀವರ್ಟ್. ಅದು ಶೂನ್ಯವಲ್ಲ, ಆದುದರಿಂದ ಕಾರಣವಿಲ್ಲದೆ ಮಾಡಿಸತಕ್ಕದ್ದಲ್ಲ. ಆದರೆ ರೋಗ ಹರಡಿದೆಯೋ ಇಲ್ಲವೋ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುವಾಗ, ಇಷ್ಟಕ್ಕೆ ಹೆದರಿ ತಡಮಾಡುವುದು ಹೆಚ್ಚಿನ ಅಪಾಯ.

ಗರ್ಭಿಣಿಯರೂ, ಗರ್ಭದ ಶಂಕೆಯಿರುವವರೂ, ಹಾಲೂಡಿಸುವ ತಾಯಂದಿರೂ ಚುಚ್ಚುಮದ್ದಿಗೆ ಮೊದಲೇ ತಿಳಿಸಬೇಕು. ಚುಚ್ಚಿದ ಬಳಿಕ ಚಿತ್ರ ತೆಗೆಯಲು ಎರಡರಿಂದ ನಾಲ್ಕು ಗಂಟೆ ಕಾಯಬೇಕಾಗುತ್ತದೆ. ವೈದ್ಯರು ನೀರಿಗೆ ಮಿತಿ ಹಾಕಿರದಿದ್ದರೆ ಆಗ ಧಾರಾಳವಾಗಿ ನೀರು ಕುಡಿದು ಮೂತ್ರಕ್ಕೆ ಹೋಗುತ್ತಿರಬೇಕು. ಮೂಳೆಗೆ ಅಂಟದೆ ಉಳಿದುದು ಹೊರಹೋಗುವ ದಾರಿ ಅದೇ. ಅಂದು ಮನೆಗೆ ಬಂದ ಮೇಲೆ ಎಳೆಯ ಮಕ್ಕಳನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳದಿದ್ದರೆ ಒಳಿತು; ಮರುದಿನದಿಂದ ಅಡ್ಡಿಯಿಲ್ಲ.