ಬ್ಯುರೆಟ್ ಹಿಡಿಯದೆ ಬಿ.ಎಸ್ಸಿ.ಗೆ ಬಂದವರು

2021ರ ಜೂನ್ ಮೊದಲ ವಾರದಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ಕೂಡಿಸಿ ಜುಲೈ 20ಕ್ಕೆ ಫಲಿತಾಂಶ ಕೊಟ್ಟರು. ಅದೇ ವರ್ಷ ರಾಜ್ಯದ ಪದವಿ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಹೊಸ ಪಠ್ಯಕ್ರಮವೂ ಬಂತು. ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಿಂದ ಬಿ.ಎಸ್ಸಿ. ಸೇರಿದ ಮಕ್ಕಳು ಈ ಎರಡರ ನಡುವೆ ಸಿಕ್ಕರು. ಪಿಯುಸಿಯ ಲ್ಯಾಬ್ ಅವರ ಪಾಲಿಗೆ ಬಾಗಿಲು ತೆರೆದದ್ದೇ ಅಪರೂಪ. ಪದವಿಯ ಮೊದಲ ಸೆಮಿಸ್ಟರ್‌ನ ಕೆಮಿಸ್ಟ್ರಿ ಮಾತ್ರ ಅವರೆಲ್ಲ ಪಳಗಿದ ಕೈಗಳೆಂದೇ ನಂಬಿಕೊಂಡು ಶುರುವಾಯಿತು.

ರೋಣ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ ಆ ತಂಡದಲ್ಲಿದ್ದಳು. ಬಿ.ಎಸ್ಸಿ. ಅವಳ ಆಯ್ಕೆಯಲ್ಲ, ಸೋದರಮಾವನ ಹಟ. ಬಿ.ಎಸ್ಸಿ. ಆದಮೇಲೆ ಬಿ.ಇಡಿ., ಆಮೇಲೆ ಹೈಸ್ಕೂಲಿನಲ್ಲಿ ಮಾಸ್ತರಿಕೆ ಎಂದು ಲೆಕ್ಕ ಹಾಕಿ ಫಾರ್ಮು ತುಂಬಿದವರು ಅವರೇ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯ ಎರಡು ವರ್ಷ ಬಹುಪಾಲು ಮೊಬೈಲ್ ಪರದೆಯ ಮೇಲಿನ ಇಂಗ್ಲಿಷ್. ಆಮ್ಲ, ಪ್ರತ್ಯಾಮ್ಲ, ಉತ್ಕರ್ಷಣ, ಅಪಕರ್ಷಣ ಎಂದರೆ ಕಣ್ಣು ಮುಚ್ಚಿ ಸಮೀಕರಣ ಬರೆಯುತ್ತಿದ್ದವಳು ಆಕ್ಸಿಡೇಷನ್, ರಿಡಕ್ಷನ್ ಎಂದೊಡನೆ ತಡವರಿಸುತ್ತಿದ್ದಳು. ವಿಷಯ ಗೊತ್ತಿಲ್ಲ ಎಂದಲ್ಲ, ಗೊತ್ತಿದ್ದದ್ದು ಇದೇ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಸೆಮಿಸ್ಟರ್‌ನ ಪ್ರಾಯೋಗಿಕ ಪಟ್ಟಿ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಪಿಪೆಟ್ ಮತ್ತು ಫ್ಲಾಸ್ಕುಗಳ ಅಳತೆ ಸರಿಯಿದೆಯೇ ಎಂದು ನೋಡುವುದು, ಸಾಬೂನಿನಲ್ಲಿರುವ ಕ್ಷಾರ, ಡೈಕ್ರೋಮೇಟಿನಿಂದ ಕಬ್ಬಿಣ, ಪರ್ಮ್ಯಾಂಗನೇಟಿನಿಂದ ಆಕ್ಸಾಲಿಕ್ ಆಮ್ಲ, ಇಡಿಟಿಎಯಿಂದ ನೀರಿನ ಗಡಸುತನ. ಹಳ್ಳಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕೆಮಿಸ್ಟ್ರಿ ಬೇರೆ ಸಿಗುವುದಿಲ್ಲ. ಆದರೆ ಅವಳ ಲ್ಯಾಬಿನಲ್ಲಿ ನಡೆದದ್ದೇ ಬೇರೆ. ಗಾಜಿನ ಸಾಮಾನು ಕಡಿಮೆ, ಹುಡುಗರು ಹೆಚ್ಚು. ಮುಂದಿನ ಸಾಲಿನವರು ಒಂದು ಸಲ ಬ್ಯುರೆಟ್ ಮುಟ್ಟುವಷ್ಟರಲ್ಲಿ ಊರ ಬಸ್ಸಿನ ಹೊತ್ತಾಗುತ್ತಿತ್ತು. ಉಳಿದವರಿಗೆ ಲ್ಯಾಬಿನ ಹೊಣೆ ಹೊತ್ತವರು ರೀಡಿಂಗ್ ಬರೆಸುತ್ತಿದ್ದರು. ಹಿಂದಿನ ವರ್ಷದವರ ರೆಕಾರ್ಡಿನಲ್ಲಿದ್ದ ಅಂಕಿ ಈ ವರ್ಷದ ರೆಕಾರ್ಡಿಗೆ ಇಳಿಯುತ್ತಿತ್ತು. ಕೆಂಪು ಇಂಕಿನ ಸಹಿಯೂ ಬೀಳುತ್ತಿತ್ತು. ಈ ಭಾಗದ ಎಷ್ಟೋ ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಹೊಸ ಸುದ್ದಿಯಲ್ಲ, ಆದರೆ ಇದನ್ನು ಮಾಮೂಲಿ ಎಂದು ಬಿಟ್ಟುಬಿಡುವುದು ದೊಡ್ಡ ಅನ್ಯಾಯ.

ಆ ಅನ್ಯಾಯದ ಬೆಲೆಯನ್ನು ಅವಳು ತೆತ್ತದ್ದು ಪರೀಕ್ಷೆಯ ದಿನ. ಚೀಟಿ ಎತ್ತಿದಾಗ ಬಂದದ್ದು ಪರ್ಮ್ಯಾಂಗನೇಟ್.

ಈ ಪ್ರಯೋಗಕ್ಕೊಂದು ಸ್ವಭಾವವಿದೆ. ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಪಿಪೆಟ್ಟಿನಿಂದ ಫ್ಲಾಸ್ಕಿಗೆ ಬಿಟ್ಟು, ದುರ್ಬಲ ಗಂಧಕಾಮ್ಲ ಸೇರಿಸಿ, 60–70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಿಸಿ ಇರುವಾಗಲೇ ಬ್ಯುರೆಟ್ಟಿನಿಂದ ನೇರಳೆ ಪರ್ಮ್ಯಾಂಗನೇಟ್ ಬಿಡಬೇಕು. ಮೊದಲ ಹನಿಯ ಬಣ್ಣ ಬೇಗ ಹೋಗುವುದಿಲ್ಲ. ಕ್ರಿಯೆ ಚುರುಕಾಗಲು ಮ್ಯಾಂಗನೀಸ್ ಅಯಾನು ಬೇಕು, ಅದು ಹುಟ್ಟುವುದೇ ಆ ಕ್ರಿಯೆಯಿಂದ. ಒಮ್ಮೆ ಹುಟ್ಟಿತೆಂದರೆ ಮುಂದಿನ ಹನಿಗಳು ಬಿದ್ದ ಕೂಡಲೇ ಮಾಯ. ಕಡೆಗೆ ಒಂದೇ ಒಂದು ಹನಿಗೆ ತೆಳು ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ಅದೇ ಎಂಡ್ ಪಾಯಿಂಟ್. ಇದಕ್ಕೆ ಬೇರೆ ಸೂಚಕ ಬೇಡ. ಆಮ್ಲ ಕಡಿಮೆಯಾದರೆ, ಫ್ಲಾಸ್ಕು ತಣ್ಣಗಿದ್ದರೆ, ಇಲ್ಲವೇ ಅವಸರದಿಂದ ಬಿಟ್ಟರೆ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕಂದು ರಾಡಿ ಏಳುತ್ತದೆ.

ಇದರಲ್ಲಿ ಒಂದು ಮಾತನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ. ಬರ್ನರಿನ ಸುತ್ತ ಹಲವರು ಮುತ್ತಿಕೊಂಡಿದ್ದರು. ಸರದಿ ಬಂದಾಗ ಕಾಯಿಸಿಕೊಂಡಳು, ಸ್ಟ್ಯಾಂಡಿನ ಹತ್ತಿರ ಬರುವಷ್ಟರಲ್ಲಿ ಅಲ್ಲಿ ಇನ್ನೊಬ್ಬ ನಿಂತಿದ್ದ. ಕಾದಳು. ಅವನು ಸರಿದಾಗ ಫ್ಲಾಸ್ಕಿನ ಕತ್ತು ಮುಟ್ಟಿದರೆ ಉಗುರುಬೆಚ್ಚಗೂ ಇರಲಿಲ್ಲ. ಮೊದಲ ಹನಿ ಬಿಟ್ಟಳು. ಗುಲಾಬಿ ಬಣ್ಣ ಬಂತು, ಹೋಗಲಿಲ್ಲ. ಅಲುಗಾಡಿಸಿದಳು, ಆಗಲೂ ಹೋಗಲಿಲ್ಲ. ಇದೇ ಎಂಡ್ ಪಾಯಿಂಟ್ ಇರಬೇಕೆಂದು ರೀಡಿಂಗ್ ನೋಡಿದರೆ ಬ್ಯುರೆಟ್ಟಿನಲ್ಲಿ ಇಳಿದದ್ದು ಒಂದೆರಡು ಗೀಟು. ರೆಕಾರ್ಡಿನಲ್ಲಿ ಬರೆದ ಅಂಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಪಕ್ಕದವಳು ಕಣ್ಣಿನಲ್ಲೇ ಇನ್ನೂ ಬಿಡು ಎಂದಳು. ನಲ್ಲಿ ತಿರುಗಿಸಿದಳು. ನೇರಳೆ ಒಂದೇ ಸಮ ಇಳಿದು ಗುಲಾಬಿ ಕಂದಾಯಿತು, ಕಂದು ದಟ್ಟವಾಯಿತು. ಮಲಪ್ರಭೆಗೆ ಹೊಸ ನೀರು ಬಂದಾಗಿನ ಬಣ್ಣ. ಕೈ ನಡುಗತೊಡಗಿತು. ಚೆಲ್ಲಿ ಹೊಸದಾಗಿ ತಗೊಂಡಳು, ಗಂಧಕಾಮ್ಲ ಎಷ್ಟು ಹಾಕಬೇಕೆಂದು ನೆನಪಾಗದೆ ಹೆದರಿ ತುಸುವೇ ಹಾಕಿದಳು. ಮತ್ತೆ ಕಂದು.

ಆಗಲೇ ಬಾಹ್ಯ ಪರೀಕ್ಷಕರು ಬಂದು ನಿಂತದ್ದು. ಗಂಧಕಾಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಹಾಕಬಾರದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಬಿಡಿಸುತ್ತದೆ, ಹಾಗಾಗಿ ಲೆಕ್ಕ ತಪ್ಪುತ್ತದೆ. ಉತ್ತರ ಅವಳ ನಾಲಗೆಯ ತುದಿಯಲ್ಲಿತ್ತು, ಕನ್ನಡದಲ್ಲಿ. ಕನ್ನಡದಲ್ಲಿ ಹೇಳಲೇ ಎಂದು ಕೇಳುವ ಧೈರ್ಯ ಬರಲಿಲ್ಲ, ಹೇಳು ಎನ್ನುವ ಔದಾರ್ಯ ಅತ್ತ ಕಡೆಯಿಂದಲೂ ಬರಲಿಲ್ಲ. ಅವರು ಕಂದು ಫ್ಲಾಸ್ಕನ್ನು ನೋಡಿ, ರೆಕಾರ್ಡು ತೆರೆದು, ಅಲ್ಲಿದ್ದ ಮುತ್ತಿನಂಥ ರೀಡಿಂಗುಗಳನ್ನು ನೋಡಿ ಮುಂದೆ ಹೋದರು. ಅವಳು ಬೇಸಿನ್ನಿನ ಮುಂದೆ ನಿಂತು ಫ್ಲಾಸ್ಕು ಉಜ್ಜುತ್ತಿದ್ದರೆ ಗಾಜಿಗೆ ಹತ್ತಿದ ಕಂದು ಕಲೆ ಬರಿ ನೀರಿಗೆ ಹೋಗಲಿಲ್ಲ. ಅದು ತಾನು ಅಳೆಯಲಾಗದೆ ನಿಂತ ಅದೇ ಆಕ್ಸಾಲಿಕ್ ಆಮ್ಲಕ್ಕೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ.

ಮಾವನಿಗೆ ಸಂಗತಿ ಗೊತ್ತಾಗಿ ಮನೆಯಲ್ಲಿ ರಂಪವಾಯಿತು. ಹುಡುಗಿಗೆ ಓದು ಹತ್ತುವುದಿಲ್ಲ ಎಂಬ ತೀರ್ಪೂ ಬಂತು. ರೀಡಿಂಗ್ ಬರೆಸಿದವರ ಬಗ್ಗೆ ಮಾತ್ರ ಯಾರೂ ತೀರ್ಪು ಕೊಡಲಿಲ್ಲ.

ಅವಳನ್ನು ಮತ್ತೆ ದಾರಿಗೆ ತಂದದ್ದು ಜೊತೆಯವರು. ನರಗುಂದದ ಕಡೆಯ ಒಬ್ಬ ಹುಡುಗನಿಗೆ ಸಮಾನ ತೂಕದ ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ. ಮಲಪ್ರಭಾ ಕಾಲುವೆಯ ನೀರುಂಡ ಎರೆ ಹೊಲಗಳಲ್ಲಿ ಕೆಲವೆಡೆ ನೆಲ ಸವಳಾಗಿದೆ, ಅವನ ಮನೆಯ ಹೊಲವೂ ಅಂಥದ್ದೇ. ಅಂಥ ಮಣ್ಣಿಗೆ ಜಿಪ್ಸಂ ಯಾಕೆ ಹಾಕುತ್ತಾರೆ ಎಂದು ಅಧ್ಯಾಪಕರೊಬ್ಬರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಮಣ್ಣಿನ ಕಣಕ್ಕೆ ಅಂಟಿದ ಎರಡು ಸೋಡಿಯಂ ಅಯಾನುಗಳ ಜಾಗಕ್ಕೆ ಜಿಪ್ಸಂನ ಒಂದು ಕ್ಯಾಲ್ಸಿಯಂ ಬಂದು ಕೂರುತ್ತದೆ, ಬಿಡುಗಡೆಯಾದ ಸೋಡಿಯಂ ಸಲ್ಫೇಟಾಗಿ ಬಸಿಗಾಲುವೆಯ ನೀರಿನೊಂದಿಗೆ ಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ಜಿಪ್ಸಂ ದಂಡ. ಒಂದಕ್ಕೆ ಎರಡು ಎಂಬುದು ಅವನಿಗೆ ಅಂದೇ ಹತ್ತಿತು, ಆಮೇಲೆ ಅವನೇ ಅವಳಿಗೆ ಲೆಕ್ಕ ಹೇಳಿಕೊಟ್ಟ.

ಗಜೇಂದ್ರಗಡ ಪಟ್ಟೇದ ಅಂಚಿನ ಸೀರೆಯ ಊರು. ಅಲ್ಲಿನ ನೇಕಾರ ಮನೆಯ ಗೆಳತಿಗೆ ಬಣ್ಣದ ಹಂಡೆ ಚಿಕ್ಕಂದಿನಿಂದ ಪರಿಚಯ. ಹಂಡೆಯ ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಕಾಸ್ಟಿಕ್ ಸೋಡಾ, ಹೈಡ್ರೋಸಲ್ಫೈಟ್ ಹಾಕಿದರೆ ಅಪಕರ್ಷಣೆಗೊಂಡು ಕರಗುತ್ತದೆ, ಹಳದಿ ಹಸಿರಿಗೆ ತಿರುಗುತ್ತದೆ. ನೂಲನ್ನು ಹೊರಗೆಳೆದು ಹಿಡಿದರೆ ಗಾಳಿಯ ಆಮ್ಲಜನಕ ತಾಗಿ ಕಣ್ಣೆದುರಿಗೇ ಮತ್ತೆ ನೀಲಿ. ಇದು ಗೊತ್ತಿದ್ದ ಹುಡುಗಿಗೆ ರೆಡಾಕ್ಸ್ ಪಾಠಕ್ಕೆ ಹೆದರಬೇಕಾದದ್ದೇ ಇರಲಿಲ್ಲ. ಬಣ್ಣದ ಹಂಡೆಯೂ ಪಠ್ಯದ ಆ ಅಧ್ಯಾಯವೂ ಒಂದೇ ಎಂದು ತರಗತಿಯಲ್ಲಿ ಮೊದಲೇ ಹೇಳಿದ್ದರೆ ಎಷ್ಟು ಮಂದಿಗೆ ದಾರಿ ಸುಗಮವಾಗುತ್ತಿತ್ತು!

ಕನ್ನಡದಲ್ಲಿ ಕಲಿತರೆ ಕೆಮಿಸ್ಟ್ರಿ ದಕ್ಕುವುದಿಲ್ಲ ಎನ್ನುವವರಿಗೆ ಒಂದು ಮಾತು. ಭಾರತ ರತ್ನ ಸಿ.ಎನ್.ಆರ್. ರಾವ್ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹಾಗೆ ಸೇರಿಸಿದವರು ಅವರ ತಂದೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿದವರೂ ಅವರೇ. ಎರಡೂ ಭಾಷೆ ಕೈಗೆ ಕೊಟ್ಟ ಮನೆ ಅದು. ರೋಣದ ಹುಡುಗಿಗೆ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಅರ್ಧ ಕೊಟ್ಟಿದ್ದರು.

ಎರಡನೆಯ ಸೆಮಿಸ್ಟರ್‌ನಲ್ಲಿ ಅವಳು ಲ್ಯಾಬಿಗೆ ಎಲ್ಲರಿಗಿಂತ ಮೊದಲು ಹೋಗತೊಡಗಿದಳು. ಬಿಡುವಿನ ಹೊತ್ತಿನಲ್ಲಿ ಊರಿನ ಬೋರ್‌ವೆಲ್ ನೀರು ತಂದು ಗಡಸುತನ ನೋಡಲು ಅನುಮತಿ ಕೇಳಿದಳು. ಅಮೋನಿಯಾ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಹನಿ ಹನಿಯಾಗಿ ಇಡಿಟಿಎ, ದ್ರಾಕ್ಷಾರಸದ ಕೆಂಪು ಥಟ್ಟನೆ ನೀಲಿ. ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಸರಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಮನೆಯಲ್ಲಿ ಬ್ಯಾಳಿ ಯಾಕೆ ಬೇಯುವುದಿಲ್ಲ, ಸಾಬೂನಿಗೆ ನೊರೆ ಯಾಕೆ ಬರುವುದಿಲ್ಲ ಎಂದು ಅವ್ವನಿಗೆ ಅಂಕಿ ಸಮೇತ ಹೇಳಿದ ದಿನ ಮಾವ ಪಡಸಾಲೆಯಲ್ಲೇ ಕೂತಿದ್ದರು.

ಹೊಸದಾಗಿ ಸೇರುವವರಿಗೆ ಅವಳು ಹೇಳುವುದು ಇಷ್ಟು. ಕನ್ನಡ ಪದ ಒಂದು ಕಡೆ, ಇಂಗ್ಲಿಷ್ ಪದ ಇನ್ನೊಂದು ಕಡೆ ಬರೆದ ನೋಟ್‌ಬುಕ್ ಮೊದಲ ವಾರದಿಂದಲೇ ಇಡಬೇಕು. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದು, ಬ್ಯುರೆಟ್ಟಿನಲ್ಲಿ ಅದರ ಮೇಲಂಚಿನ ರೀಡಿಂಗ್ ತೆಗೆದುಕೊಳ್ಳಬೇಕು. ಫ್ಲಾಸ್ಕು ತಣ್ಣಗಾದರೆ ಯಾರು ಬೈದರೂ ಮತ್ತೆ ಕಾಯಿಸಬೇಕು. ವೈವಾದಲ್ಲಿ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಹೇಳುತ್ತೇನೆಂದು ಗಟ್ಟಿಯಾಗಿ ಕೇಳಬೇಕು.

2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮ ಇನ್ನೊಮ್ಮೆ ಬದಲಾಗಿದೆ. ಪರೀಕ್ಷೆ ಹತ್ತಿರ ಬಂದಾಗ ಕಿರಿಯರು ಅವಳ ಹಳೆಯ ರೆಕಾರ್ಡು ಕೇಳಿಕೊಂಡು ಬರುವುದು ಬದಲಾಗಿಲ್ಲ. ಅವಳು ಕೊಡುವುದಿಲ್ಲ. ಬೇಕಾದರೆ ಲ್ಯಾಬಿಗೆ ಜೊತೆಗೆ ಬರುತ್ತೇನೆ, ನಿಮ್ಮ ಕೈಯಿಂದಲೇ ಬ್ಯುರೆಟ್ ತುಂಬಿರಿ ಎನ್ನುತ್ತಾಳೆ.