ಇಪ್ಪತ್ನಾಲ್ಕು ಹುಣಸೆ ಬೀಜ

ನಿಮ್ಮ ಮನೆಯಲ್ಲಿ ನೀರು ತರುವವರು ಯಾರು? ರೊಟ್ಟಿ ಬಡಿಯುವವರು ಯಾರು? ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವರು ಯಾರು?

ಹೀಗೆ ಕೇಳಿದರೆ ಎಲ್ಲರೂ ನಗುತ್ತಾರೆ. "ಅದೇನು ಕೇಳ್ತೀರಿ ಅಕ್ಕಾರ, ಹೆಣ್ಮಕ್ಕಳ ಕೆಲಸ ಹೆಣ್ಮಕ್ಕಳು ಮಾಡ್ತಾರ" ಎನ್ನುತ್ತಾರೆ. ಮೊದಲು ನಾನು ಭಾಷಣ ಮಾಡುತ್ತಿದ್ದೆ. ಗಂಡು ಹೆಣ್ಣು ಸಮಾನ ಎನ್ನುತ್ತಿದ್ದೆ. ಹುಡುಗರು ತಲೆ ಅಲ್ಲಾಡಿಸುತ್ತಿದ್ದರು. ಚಹಾ ಕುಡಿದ ಕಪ್ಪು ಬಸಿ ಅಲ್ಲೇ ಬಿಟ್ಟು ಹೋಗುತ್ತಿದ್ದರು. ತೊಳೆಯುವವರು ಮತ್ತೆ ಹುಡುಗಿಯರೇ! ಭಾಷಣ ಬಿಟ್ಟೆ. ಆಟ ಶುರು ಮಾಡಿದೆ.

ಬೀಜದ ಆಟ

48 ಹುಣಸೆ ಬೀಜ ತನ್ನಿ. ತೊಗರಿ ಕಾಳೂ ಆದೀತು. ಮನೆಯಲ್ಲಿ ಕೋಳಿ ಇದ್ದರೆ ಮಾತ್ರ ಕಾಳು ಬೇಡ. ನೆಲದ ಮೇಲೆ ಆರು ಮನೆ ಬರೆಯಿರಿ. ಒಂದೊಂದು ಮನೆಯಲ್ಲಿ ಒಂದೊಂದು ಮಾತು ಬರೆಯಿರಿ: ನಿದ್ದೆ, ಶಾಲೆ, ಜಳಕ-ಊಟ, ಮನೆಗೆಲಸ, ಓದು, ಆಟ. ಅಕ್ಕನಿಗೆ 24 ಬೀಜ, ತಮ್ಮನಿಗೆ 24 ಬೀಜ. ಒಂದು ಬೀಜ ಎಂದರೆ ಒಂದು ತಾಸು. ಅಕ್ಕನ ದಿನವನ್ನು ತಮ್ಮ ಹಾಸಬೇಕು. ತಮ್ಮನ ದಿನವನ್ನು ಅಕ್ಕ ಹಾಸಬೇಕು.

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಈ ಆಟ ಆಡಿದೆವು. ಅಕ್ಕ ಹತ್ತನೇ ಇಯತ್ತೆ. ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂದಿತ್ತು. "ಇಕಿ ತಲೀಗೆ ಓದು ಹತ್ತೂದಿಲ್ಲ, ಸಾಲಿ ಬಿಡಸ್ತೀನಿ" ಎಂದು ಅವ್ವ ಹೇಳುತ್ತಿದ್ದಳು. ಅವ್ವ ನಮ್ಮ ಕೇಂದ್ರದಲ್ಲೇ ಓದು ಕಲಿತವಳು.

ತಮ್ಮ ಬೀಜ ಹಾಸಿದ. ನಿದ್ದೆಗೆ 7, ಶಾಲೆಗೆ 7, ಜಳಕ-ಊಟಕ್ಕೆ 4. ಮನೆಗೆಲಸಕ್ಕೆ 2, ಓದಿಗೆ 2, ಆಟಕ್ಕೆ 2. ಅಕ್ಕ ಏನೂ ಅನ್ನಲಿಲ್ಲ. ಅವ್ವ ಕೇಳಿದಳು, "ಮುಂಜಾನೆ ನಳಕ್ಕ ಕೊಡ ಹಿಡಕೊಂಡು ಯಾರು ನಿಂದರತಾರೋ? ರೊಟ್ಟಿ ಯಾರು ಬಡೀತಾರ? ಸಂಜಿಗೆ ಕಸ, ಭಾಂಡೆ ಯಾರದು?" ಮನೆಗೆಲಸಕ್ಕೆ ಇನ್ನೂ ಮೂರು ಬೀಜ ಬೇಕಾದವು. ಎಲ್ಲಿಂದ ತರಬೇಕು? ದಿನಕ್ಕೆ 24 ತಾಸು ಮಾತ್ರ. ಆಟದ ಎರಡೂ ಬೀಜ ಹೋದವು. ಓದಿನದೊಂದು ಹೋಯಿತು. ಓದಿನ ಮನೆಯಲ್ಲಿ ಒಂದೇ ಬೀಜ ಉಳಿಯಿತು. ತಮ್ಮನ ಕಡೆ ನೋಡಿದರೆ ಮನೆಗೆಲಸಕ್ಕೆ 1, ಓದಿಗೆ 2, ಆಟಕ್ಕೆ 3.

ಅವ್ವ ಬಹಳ ಹೊತ್ತು ಆ ಒಂದು ಬೀಜವನ್ನೇ ನೋಡಿದಳು. ಸಾಲಿ ಬಿಡಿಸುವ ಮಾತು ಅವತ್ತು ಎತ್ತಲಿಲ್ಲ.

ಇದು ಒಂದೇ ಮನೆಯ ಕಥೆ ಅಲ್ಲ. 2019ರಲ್ಲಿ ಸರಕಾರ ದೇಶದ ತುಂಬ ಜನರ ಸಮಯದ ಲೆಕ್ಕ ತೆಗೆಯಿತು. ದಿನಕ್ಕೆ 100 ಹೆಂಗಸರಲ್ಲಿ 81 ಮಂದಿ ಮನೆಗೆಲಸ ಮಾಡುತ್ತಿದ್ದರು. 100 ಗಂಡಸರಲ್ಲಿ 26 ಮಂದಿ ಮಾತ್ರ. ಮಾಡುವ ಹೆಂಗಸಿಗೆ 299 ನಿಮಿಷ ಹಿಡಿಯುತ್ತಿತ್ತು. ಅಂದರೆ ಐದು ತಾಸಿಗೆ ಒಂದೇ ನಿಮಿಷ ಕಡಿಮೆ. ಮಾಡುವ ಗಂಡಸಿಗೆ 97 ನಿಮಿಷ.

ಚೀಟಿ ಆಟ

ಇದು ಚಿಕ್ಕದು. ಚೀಟಿಯ ಮೇಲೆ ಕೆಲಸಗಳ ಹೆಸರು ಬರೆಯಿರಿ. ಹೊಲಿಯುವುದು, ಅಡುಗೆ, ಟ್ರ್ಯಾಕ್ಟರ್ ಹೊಡೆಯುವುದು, ಎಮ್ಮೆ ಹಿಂಡುವುದು, ಬ್ಯಾಂಕಿಗೆ ಹೋಗುವುದು, ಮಗು ಹೆರುವುದು, ಎದೆಹಾಲು ಕುಡಿಸುವುದು. ಒಬ್ಬೊಬ್ಬರು ಒಂದೊಂದು ಎತ್ತಿ ಓದಲಿ. ಇದಕ್ಕೆ ಹೆಣ್ಣಿನ ಮೈಯೇ ಬೇಕೆ? ಗಂಡಿನ ಮೈಯೇ ಬೇಕೆ? ಯಾರಾದರೂ ಆದೀತೆ? ಮೂರು ಗುಂಪು ಮಾಡಿ.

"ಹೊಲಿಯೋದು ಹೆಣ್ಮಕ್ಕಳ ಕೆಲಸ" ಎಂದ ಒಬ್ಬ ಹುಡುಗ. ಅವನ ಅಂಗಿ ಹೊಲಿದದ್ದು ಗಂಡಸು ಟೇಲರ್! ಮದುವೆ ಅಡುಗೆಗೆ ಬರುವವರೂ ಗಂಡಸರೇ. ರೊಕ್ಕ ಸಿಗುವಲ್ಲಿ ಒಲೆ ಮುಂದೆ ಕೂಡಲು ಯಾರಿಗೂ ನಾಚಿಕೆ ಇಲ್ಲ. ಕೊನೆಗೆ ಹೆಣ್ಣಿನ ಗುಂಪಿನಲ್ಲಿ ಎರಡೇ ಚೀಟಿ ಉಳಿದವು, ಹೆರುವುದು ಮತ್ತು ಎದೆಹಾಲು. ಗಂಡಿನ ಗುಂಪು ಖಾಲಿ.

ಆ ತಮ್ಮ ಏನು ಮಾಡಿದ? ತನ್ನ ಆಟದ ಒಂದು ಬೀಜ ಎತ್ತಿ ಮನೆಗೆಲಸಕ್ಕೆ ಇಟ್ಟ. "ನೀರು ನಾ ತರ್ತೀನಿ" ಎಂದ. ನಾಲ್ಕು ದಿನ ತಂದ. ಐದನೇ ದಿನ ಗೆಳೆಯರು ನಕ್ಕರಂತೆ, ಬಿಟ್ಟ. ಅವ್ವ ಮತ್ತೆ ಬೀಜ ಹಾಸಿ ತೋರಿಸಿದಳು. ಈಗ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಹೋಗುತ್ತಾನೆ. ಸೈಕಲ್ ಇದ್ದರೆ ಯಾರೂ ನಗುವುದಿಲ್ಲವಂತೆ!

ನಿಮ್ಮ ಮನೆಯಲ್ಲಿ ಆಡಿ, ಎಣಿಸಿ, ಬರೆಯಿರಿ:

ಮಗಳ ಮನೆಗೆಲಸ ______ ಬೀಜ. ಮಗನ ಮನೆಗೆಲಸ ______ ಬೀಜ.
ಮಗಳ ಓದು ______ ಬೀಜ. ಮಗನ ಓದು ______ ಬೀಜ.
ನನ್ನ ಓದು ______ ಬೀಜ.